ಪೋರ್ಟ್ರೇಟ್‌ಗೆ ಜಾಗ ಹುಡುಕುವಾಗ ಮೊದಲು ನಿಮ್ಮ ಬೆನ್ನ ಹಿಂದೆ ನೋಡಿ

ಕಳೆದ ಮೇ ತಿಂಗಳಲ್ಲಿ ಚಿಗವ್ವನ ಫೋಟೊ ತೆಗೆಯಬೇಕೆಂದು ಅವರನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ಹಸಿರು ಇಳಕಲ್ಲ ಸೀರೆ, ಮೂಗಿನಲ್ಲಿ ನತ್ತು, ಹಿಂದೆ ಗುಮ್ಮಟ. ಹೊತ್ತು ಹನ್ನೊಂದೂವರೆ. "ತಮ್ಮಾ, ಕಣ್ಣ ತೆರಿಯಾಕ ಆಗವಲ್ದೋ" ಅಂದರು. ಇನ್ನೊಂದು, ಇನ್ನೊಂದು ಎನ್ನುತ್ತ ನಲವತ್ತು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ನಲವತ್ತರಲ್ಲೂ ಗುಮ್ಮಟ ಚೆನ್ನಾಗಿದೆ, ಚಿಗವ್ವನ ಕಣ್ಣಿರಬೇಕಾದಲ್ಲಿ ಎರಡು ಕಪ್ಪು ಕುಳಿ.

ಅದೇ ದಿನ ಸಂಜೆ ಅವರು ತಮ್ಮ ಮನೆಯ ಹೊಸ್ತಿಲ ಬಳಿ ಕೂತು ಮೆಂತೆ ಪಲ್ಲೆ ಸೋಸುತ್ತಿದ್ದರು. ಹಾಗೇ ಒಂದು ಫೋಟೊ ತೆಗೆದೆ. ಈಗ ಅವರ ಪಡಸಾಲೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿರುವುದು ಅದೇ. ಅದು ಯಾಕೆ ಚೆನ್ನಾಗಿ ಬಂತೆಂದು ತಿಳಿಯಲು ಮರುದಿನ ಅದೇ ಹೊತ್ತಿಗೆ ಹೋಗಿ ನಿಂತು ನೋಡಿದೆ. ಮನೆಯ ಬಾಗಿಲು ಪೂರ್ವಕ್ಕೆ. ಸಂಜೆ ಸೂರ್ಯ ಮನೆಯ ಹಿಂದಕ್ಕೆ ಸರಿದಿರುತ್ತಾನೆ, ಹೊಸ್ತಿಲು ಪೂರಾ ನೆರಳು. ಓಣಿಯ ಆಚೆ ಎದುರು ಮನೆಯ ಸುಣ್ಣದ ಗೋಡೆಯ ಮೇಲರ್ಧಕ್ಕೆ ಮಾತ್ರ ಬಿಸಿಲು. ಚಿಗವ್ವನ ಮುಖ ಬೆಳಗಿದ್ದು ಆ ಗೋಡೆಯಿಂದ. ಫೋಟೊದಲ್ಲಿ ಅದು ಎಲ್ಲೂ ಕಾಣುವುದಿಲ್ಲ, ಏಕೆಂದರೆ ನನ್ನ ಬೆನ್ನ ಹಿಂದೆ ಇತ್ತು.

ಈ ಟಿಪ್ಪಣಿಯಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಲೊಕೇಶನ್ ನೋಡಲು ಹೋದಾಗ ನಾವೆಲ್ಲ ಬ್ಯಾಕ್‌ಗ್ರೌಂಡ್ ಹುಡುಕುತ್ತೇವೆ. ಮುಖಕ್ಕೆ ಬೆಳಕು ಕೊಡುವುದು ಮಾತ್ರ ಅದರ ಎದುರು ದಿಕ್ಕಿನಲ್ಲಿರುತ್ತದೆ. ಬಿಳಿ ಗೋಡೆಯೋ, ತೆರೆದ ಆಕಾಶವೋ, ಬಿಸಿಲು ಬಿದ್ದ ಅಂಗಳವೋ, ಏನಿದೆ ಎಂದು ತಿರುಗಿ ನೋಡಿದ ಮೇಲೆ ಬ್ಯಾಕ್‌ಗ್ರೌಂಡ್ ಚಿಂತೆ ಮಾಡಿ.

ಪರೀಕ್ಷಿಸಲು ಕ್ಯಾಮೆರಾ ಕೂಡ ಬೇಡ. ಮುಷ್ಟಿ ಕಟ್ಟಿ, ಕೈ ಚಾಚಿ, ನಿಂತಲ್ಲೇ ಒಂದು ಸುತ್ತು ತಿರುಗಿ. ಬೆರಳ ಗೆಣ್ಣುಗಳ ಕೆಳಗೆ ಬೀಳುವ ನೆರಳನ್ನು ನೋಡುತ್ತಿರಿ. ಒಂದು ದಿಕ್ಕಿನಲ್ಲಿ ನೆರಳು ಕಡುಗಪ್ಪಾಗಿ ಅಂಚು ಕತ್ತರಿಸಿದಂತೆ ಇರುತ್ತದೆ, ಇನ್ನೊಂದರಲ್ಲಿ ತೆಳುವಾಗಿ ಕರಗುತ್ತದೆ. ನೆರಳು ಕರಗಿದಾಗ ಮುಷ್ಟಿ ಇದ್ದ ಕಡೆ, ನಿಮ್ಮತ್ತ ಮುಖ ಮಾಡಿಸಿ ವ್ಯಕ್ತಿಯನ್ನು ನಿಲ್ಲಿಸಿ. ಅವರ ಕಣ್ಣಿನ ಗೊಂಬೆಯಲ್ಲಿ ಒಂದು ಬಿಳಿ ಚುಕ್ಕೆ ಮಿಂಚಬೇಕು. ಅದನ್ನು ಕ್ಯಾಚ್‌ಲೈಟ್ ಎನ್ನುತ್ತಾರೆ, ಅದಿಲ್ಲದ ಕಣ್ಣು ಬಾಡಿದಂತೆ ಕಾಣುತ್ತದೆ.

ನಮ್ಮ ವಿಜಯಪುರದ ಸೂರ್ಯ

ನಮ್ಮ ಊರು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ವರ್ಷದಲ್ಲಿ ಎರಡು ಸಲ, ಮೇ 8ರ ಆಸುಪಾಸು ಮತ್ತು ಆಗಸ್ಟ್ 5ರ ಆಸುಪಾಸು, ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ, ಹುಬ್ಬು ಮತ್ತು ಮೂಗಿನ ನೆರಳು ಮಾತ್ರ ಕಣ್ಣು ತುಟಿಗಳ ಮೇಲೆ ಇಳಿಯುತ್ತದೆ. ನಾನು ಚಿಗವ್ವನನ್ನು ನಿಲ್ಲಿಸಿದ್ದು ಅಂಥ ದಿನಗಳಲ್ಲೇ. ಡಿಸೆಂಬರ್ ಕೊನೆಗೆ ಅದೇ ಸೂರ್ಯ ಮಧ್ಯಾಹ್ನವೂ 50 ಡಿಗ್ರಿಗಿಂತ ಮೇಲೇರುವುದಿಲ್ಲ, ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ಚಳಿಗಾಲದಲ್ಲಿ ಹತ್ತು ಗಂಟೆಗೂ ತೆಗೆಯಬಹುದಾದ ಜಾಗದಲ್ಲಿ ಬೇಸಿಗೆಯಲ್ಲಿ ಎಂಟಕ್ಕೇ ಕೆಲಸ ಮುಗಿಸಬೇಕು.

ಹುಟ್ಟುವ ಮುಳುಗುವ ದಿಕ್ಕೂ ಬದಲಾಗುತ್ತದೆ. ಜೂನ್‌ನಲ್ಲಿ ನೇರ ಪೂರ್ವದಿಂದ ಸುಮಾರು 25 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ಜನವರಿಯ ಸಂಕ್ರಮಣದ ಹೊತ್ತಿಗೆ ನೋಡಿಟ್ಟ ಜಾಗಕ್ಕೆ ಜೂನ್‌ನಲ್ಲಿ ಹೋದರೆ ಬೆಳಕು ಬೇರೆ ಗೋಡೆಯ ಮೇಲಿರುತ್ತದೆ. ಆದ್ದರಿಂದ ಜಾಗ ನೋಡುವಾಗ ತಾರೀಖು ಮತ್ತು ಗಂಟೆ ಬರೆದಿಟ್ಟುಕೊಳ್ಳಿ.

ಇದನ್ನು ತಲೆಯಲ್ಲಿಟ್ಟುಕೊಂಡು ನಮ್ಮೂರಿನ ಇಬ್ರಾಹಿಂ ರೋಜಾ ನೋಡಿ. 1627ರಲ್ಲಿ ಮುಗಿದ ಕಟ್ಟಡ, ಒಂದೇ ಕಟ್ಟೆಯ ಮೇಲೆ ಮಸೀದಿ ಪಶ್ಚಿಮಕ್ಕೆ, ಗೋರಿ ಪೂರ್ವಕ್ಕೆ, ಎರಡೂ ಎದುರುಬದುರು. ಮುಂಜಾನೆ ಬಿಸಿಲು ಮಸೀದಿಯ ಮುಖದ ಮೇಲೆ, ಸಂಜೆ ಬಿಸಿಲು ಗೋರಿಯ ಪಶ್ಚಿಮದ ಮಗ್ಗುಲಿನ ಮೇಲೆ. ಗೋರಿಯ ಸುತ್ತ ಕಮಾನುಗಳ ಪಡಸಾಲೆಯಿದೆ. ಮುಂಜಾನೆ ಅದರ ಪಶ್ಚಿಮದ ಅಂಚಿನ ನೆರಳಲ್ಲಿ ವ್ಯಕ್ತಿಯನ್ನು ನಿಲ್ಲಿಸಿದರೆ, ಎದುರಿಗೆ ಬಿಸಿಲು ಕಾಯುತ್ತಿರುವ ಅಂಗಳ ಮತ್ತು ಆಕಾಶ ಮುಖವನ್ನು ಬೆಳಗುತ್ತವೆ, ಹಿಂದೆ ಕೆತ್ತನೆಯ ಗೋಡೆ. ಅಂಚಿನಿಂದ ಒಳಗೆ ಒಂದೊಂದು ಹೆಜ್ಜೆ ಸರಿದಂತೆ ಬೆಳಕು ಕುಗ್ಗುತ್ತದೆ. ಒಂದು ಹೆಜ್ಜೆ ಸಾಕಾಗಬಹುದು, ನಾಲ್ಕು ಹೆಜ್ಜೆ ಹೋದರೆ ಕತ್ತಲು.

ಬಾದಾಮಿಗೆ ಹೋಗುವವರಿಗೆ ಇನ್ನೊಂದು. ಗುಹಾಲಯಗಳು ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ಬಾಯಿ ತೆರೆದಿವೆ. ಚಳಿಗಾಲದಲ್ಲಿ ನೇರ ಬಿಸಿಲು ಬೀಳದ ಆ ಮೊಗಸಾಲೆಗಳಲ್ಲಿ ಹಗಲೆಲ್ಲ ಒಂದೇ ಸಮನಾದ ಮೆತ್ತನೆಯ ಬೆಳಕು. ಹಳೆಯ ಚಿತ್ರಕಾರರು ಉತ್ತರದ ಕಿಟಕಿ ಬೇಕೆಂದು ಹಂಬಲಿಸುತ್ತಿದ್ದುದು ಇದಕ್ಕೇ. ಒಂದೇ ಎಚ್ಚರ, ಆ ಕೆಂಪು ಮರಳುಗಲ್ಲು ತನ್ನ ಬಣ್ಣವನ್ನು ಕೆನ್ನೆಗೂ ಹಚ್ಚುತ್ತದೆ. ಗೋಧಿ ಬಣ್ಣದ ಮುಖಕ್ಕೆ ಅದು ಒಪ್ಪುತ್ತದೆ, ಬಿಳಿ ಅಂಗಿ ಮಾತ್ರ ಕಿತ್ತಳೆಯಾಗಿ ಕಾಣುತ್ತದೆ. ಹುಲ್ಲುಹಾಸಿನ ಮೇಲೂ ಇದೇ ತೊಂದರೆ: ಗದ್ದದ ಕೆಳಗೆ ಹಸಿರು ಛಾಯೆ.

ಕರಿಕಲ್ಲು, ಬಿಳಿಗೋಡೆ

ಬಾರಾ ಕಮಾನ್ ನಮ್ಮಲ್ಲಿ ಎಲ್ಲರೂ ಪ್ರಿವೆಡ್ಡಿಂಗ್‌ಗೆ ಮೊದಲು ನೆನೆಯುವ ಜಾಗ. ಎರಡನೇ ಅಲಿ ಆದಿಲಶಾಹನ ಅಪೂರ್ಣ ಗೋರಿ, ಮೇಲೆ ಚಾವಣಿಯಿಲ್ಲ, ಕಮಾನುಗಳೆಲ್ಲ ಕರಿಕಲ್ಲು. ಕರಿಕಲ್ಲು ಬೆಳಕನ್ನು ನುಂಗುತ್ತದೆ. ಫ್ರೇಮಿನ ಬಹುಭಾಗ ಕಪ್ಪಿದ್ದಾಗ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಮಾಡಲು ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಏರಿಸುತ್ತದೆ, ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಅಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಅನ್ನು ಮೈನಸ್ ಮುಕ್ಕಾಲರಿಂದ ಒಂದು ಸ್ಟಾಪ್‌ವರೆಗೆ ಇಳಿಸಿ ನೋಡಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಸುಣ್ಣದ ಗೋಡೆಯ ಮುಂದೆ ಇದು ತಿರುಗುಮುರುಗು, ಪ್ಲಸ್‌ಗೆ ಏರಿಸಬೇಕು. ಕರಿಕಲ್ಲಿನ ಮುಂದೆ ಕಡು ನೀಲಿ, ಕಪ್ಪು ಬಟ್ಟೆ ಕಳೆದುಹೋಗುತ್ತದೆ, ಕುಂಕುಮ ಬಣ್ಣ, ಅರಿಸಿನ ಬಣ್ಣ ಎದ್ದು ಕಾಣುತ್ತದೆ. ಬೆಳಕು ಸಾಲದಿದ್ದರೆ ಅದನ್ನು ಮುಖದತ್ತ ತಿರುಗಿಸಲು ಒಂದು ಬಿಳಿ ಥರ್ಮಾಕೋಲ್ ಶೀಟ್ ಹಿಡಿದು ನಿಲ್ಲುವ ಗೆಳೆಯ ಬೇಕು. ಬೇವಿನ ಗಿಡದ ನೆರಳು ತಂಪಿರುತ್ತದೆ ಎಂದು ಅಲ್ಲಿ ನಿಲ್ಲಿಸಬೇಡಿ, ಎಲೆಗಳ ನಡುವೆ ಸೋರುವ ಬಿಸಿಲು ಮುಖದ ಮೇಲೆ ಚಿಕ್ಕೆ ಚಿಕ್ಕೆಯಾಗಿ ಬೀಳುತ್ತದೆ.

ಎಷ್ಟು ದೂರ ಹಿಂದೆ ಸರಿಯಬಹುದು

ಓಣಿಯಲ್ಲಿ ಜಾಗ ಗೊತ್ತುಮಾಡುವ ಮೊದಲು ಹೆಜ್ಜೆ ಎಣಿಸಿ. ಲೆನ್ಸಿನ ಎಂಎಂ ಸಂಖ್ಯೆ ಹೆಚ್ಚಿದಷ್ಟೂ ಅದು ಕಾಣುವ ಹರವು ಕಿರಿದು. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಸಣ್ಣ ಸೆನ್ಸರ್‌ನ ಎಪಿಎಸ್-ಸಿ ಕ್ಯಾಮೆರಾ. ಅದರಲ್ಲಿ 50 ಎಂಎಂ ಲೆನ್ಸ್ ಹಾಕಿ ನಿಂತ ವ್ಯಕ್ತಿಯನ್ನು ತಲೆಯಿಂದ ಪಾದದವರೆಗೆ ಹಿಡಿಯಲು ಸುಮಾರು 4 ಮೀಟರ್ ಬೇಕು, 85 ಎಂಎಂಗೆ ಸುಮಾರು 7 ಮೀಟರ್. ಚಿಗವ್ವನ ಓಣಿಯಲ್ಲಿ 85 ಹಾಕಿದ್ದರೆ ನಾನು ಎದುರು ಮನೆಯ ಗೋಡೆಗೆ ಒರಗಿದರೂ ಅರ್ಧ ಮೈ ಮಾತ್ರ ಬರುತ್ತಿತ್ತು.

ಗುಮ್ಮಟ ಹಿಂದೆ ದೊಡ್ಡದಾಗಿ ಬರಬೇಕೆಂದು ಅದರ ಹತ್ತಿರ ಹೋಗಿ ವೈಡ್ ಲೆನ್ಸ್ (ಕಡಿಮೆ ಎಂಎಂ) ಹಾಕುವುದು ನಾವೆಲ್ಲ ಮಾಡುವ ತಪ್ಪು. ಲೆಕ್ಕ ಹಾಕಿ ನೋಡೋಣ. ಗೋಳಗುಮ್ಮಟದ ವ್ಯಾಸ ಸುಮಾರು 44 ಮೀಟರ್. ವ್ಯಕ್ತಿ ಗುಮ್ಮಟದಿಂದ 145 ಮೀಟರ್ ದೂರದಲ್ಲಿ ನಿಂತಿದ್ದಾರೆ, ನೀವು ಅವರಿಂದ 5 ಮೀಟರ್. ಫೋಟೊದಲ್ಲಿ ಗುಮ್ಮಟದ ಅಗಲ ವ್ಯಕ್ತಿಯ ಎತ್ತರಕ್ಕಿಂತ ತುಸು ಕಡಿಮೆ. ಅವರು ಅಲ್ಲೇ ಇರಲಿ, ನೀವು 20 ಮೀಟರ್‌ಗೆ ಸರಿದು ಉದ್ದ ಲೆನ್ಸ್ (ಹೆಚ್ಚು ಎಂಎಂ) ಹಾಕಿ. ಈಗ ಗುಮ್ಮಟ ವ್ಯಕ್ತಿಯ ಎತ್ತರದ ಮೂರು ಪಟ್ಟು ಅಗಲ! ಮೊದಲ ಸಲ ಇದು ಕಣ್ಣೆದುರು ಆದಾಗ ನನಗೆ ಬಹಳ ಖುಷಿಯಾಗಿತ್ತು. ನಿಮ್ಮ ಹಿಂದೆ ಸರಿಯಲು ಜಾಗ ಇದ್ದರೆ ಮಾತ್ರ ಇದು ಸಾಧ್ಯ, ಮತ್ತೆ ಬೆನ್ನ ಹಿಂದಿನ ಮಾತೇ.

ಯಾರ ಫೋಟೊ, ಎಲ್ಲಿ

ಹೊಸ್ತಿಲಲ್ಲಿ ಚಿಗವ್ವನ ಕೈಗೆ ಕೆಲಸವಿತ್ತು. ಗುಮ್ಮಟದ ಮುಂದೆ ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ, ಹೋಗಿ ಬರುವವರೆಲ್ಲ ನೋಡುತ್ತಿದ್ದರು. ರೈತರೊಬ್ಬರ ಫೋಟೊಗೆ ಎರೆಹೊಲದ ಜೋಳದ ಕಣ, ಅಂಗಡಿಯವರಿಗೆ ಅವರ ಗಲ್ಲೆ ಎಂದು ನಾನು ಈಗ ಮೊದಲು ಯೋಚಿಸುತ್ತೇನೆ. "ನಿಮಗ ಎಲ್ಲಿ ಕೂಡಾಕ ಹಿಡಿಸ್ತೈತ್ರಿ?" ಎಂದು ಕೇಳಿದರೆ ಅರ್ಧ ಲೊಕೇಶನ್ ಅವರೇ ಹೇಳುತ್ತಾರೆ.

ಸ್ಮಾರಕದಲ್ಲೇ ತೆಗೆಯುವುದಾದರೆ, ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಒಯ್ಯುವ ಮುಂಚೆ ಪುರಾತತ್ವ ಇಲಾಖೆಯ ಅನುಮತಿ ಕೇಳಿ. ಬಾರಾ ಕಮಾನ್ ಆಗಲಿ ರೋಜಾ ಆಗಲಿ, ಅಲ್ಲಿ ಸಮಾಧಿಗಳಿವೆ. ಗೋರಿಯ ಮೇಲೆ ಕೂಡಿಸುವುದು, ಕೆತ್ತನೆಗೆ ಕಾಲು ಕೊಟ್ಟು ಒರಗಿಸುವುದು ಬೇಡ.

ಈ ವಾರ ಮಾಡಿ ನೋಡಬೇಕಾದ ಅಭ್ಯಾಸ: ಮನೆಯವರೊಬ್ಬರನ್ನು ನಿಮ್ಮ ಮನೆಯ ಬಾಗಿಲಲ್ಲೇ ಕೂಡಿಸಿ, ಮುಂಜಾನೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ಒಂದೊಂದು ಫೋಟೊ ತೆಗೆಯಿರಿ. ಪ್ರತಿ ಸಲವೂ ತಿರುಗಿ ನಿಂತು, ಅವರಿಗೆ ಎದುರಾಗಿರುವುದರ ಫೋಟೊವನ್ನೂ ತೆಗೆಯಿರಿ. ಆರು ಫೋಟೊಗಳನ್ನು ಜೋಡಿ ಜೋಡಿಯಾಗಿ ಪಕ್ಕದಲ್ಲಿಟ್ಟು, ಕಣ್ಣೊಳಗಿನ ಬಿಳಿ ಚುಕ್ಕೆ ಎದುರಿನ ಯಾವ ವಸ್ತುವಿನದೆಂದು ಗುರುತಿಸಿ.