ಲೋಗೋ ಯಾಕೆ ಬದಲಾಗುತ್ತೆ ಅಂದ್ರೆ, ಅದು ಕೂರೋ ಜಾಗ ಬದಲಾಗಿರುತ್ತೆ

ನಾನು ಲೋಗೋ ಡಿಸೈನ್ ಮಾಡೋನು. ಹೋದ ತಿಂಗಳು ಹಾಸನದ ಕಡೆಯಿಂದ ಕಾಫಿಪುಡಿ ಅಂಗಡಿಯವರು ಬಂದಿದ್ರು, ಅಪ್ಪ ಮಗ ಇಬ್ರೂ. ತಾತ ಶುರು ಮಾಡಿದ ವ್ಯಾಪಾರ, ಈಗ ಮಗ ನೋಡ್ಕೊಳ್ತಿರೋದು. ಕೂತ ತಕ್ಷಣ ಅವ್ರು ಹೇಳಿದ್ದು, "ಸರ್, ನಮ್ ಲೋಗೋ ತುಂಬಾ ಹಳೇದಾಯ್ತು, ಸ್ವಲ್ಪ ಮಾಡರ್ನ್ ಆಗಿ ಮಾಡ್ಕೊಡಿ." ನನ್ ಹತ್ರ ಬರೋರಲ್ಲಿ ಮುಕ್ಕಾಲು ಜನ ಇದೇ ಮಾತಿಂದ ಶುರು ಮಾಡ್ತಾರೆ, ನಾನು ವಾಪಸ್ ಕೇಳೋದೂ ಒಂದೇ ಪ್ರಶ್ನೆ: ಈಗಿರೋ ಲೋಗೋ ಎಲ್ಲಿ ಕೈ ಕೊಡ್ತಿದೆ? ಬೋರ್ಡಲ್ಲಾ, ಪೌಚ್ ಮೇಲಾ, ವಾಟ್ಸಾಪ್ ಡಿಪಿಯಲ್ಲಾ? ನಾನು ನೋಡಿದ ಮಟ್ಟಿಗೆ ಒಂದು ಲೋಗೋ ನಿಜವಾಗ್ಲೂ ಬದಲಾಗ್ಬೇಕಾಗೋದು ಅದು ಕೂರೋ ಜಾಗ ಬದಲಾದಾಗ, ಮಾಲೀಕರಿಗೆ ಬೇಜಾರು ಬಂತು ಅಂತ ಬದಲಾಯ್ಸಿದ್ದು ಹೆಚ್ಚು ದಿನ ನಿಲ್ಲಲ್ಲ.

ಆಪಲ್ ಕಂಪನೀದೇ ನೋಡಿ. 1976ರಲ್ಲಿ ರೊನಾಲ್ಡ್ ವೇಯ್ನ್ ಬರೆದ ಮೊದಲ ಲೋಗೋದಲ್ಲಿ ಮರದ ಕೆಳಗೆ ಕೂತ ನ್ಯೂಟನ್, ಮೇಲೊಂದು ಸೇಬು, ಸುತ್ತ ಫ್ರೇಮು, ಆ ಫ್ರೇಮಿನ ಮೇಲೆ ಕವಿತೆ ಸಾಲು ಬೇರೆ. ಕಾಗದದ ಮೇಲೆ ಚೆನ್ನಾಗೇ ಇತ್ತು, ಆದ್ರೆ ಕಂಪ್ಯೂಟರ್ ಮೈಮೇಲೆ ಬೆರಳಗಲ ಜಾಗದಲ್ಲಿ ಅದನ್ನ ಕೂರಿಸೋಕಾಗುತ್ತಾ? ಮರುವರ್ಷಾನೇ ರಾಬ್ ಜಾನೋಫ್ ಕಚ್ಚಿದ ಸೇಬು ಮಾಡಿಕೊಟ್ರು. ಆ ಕಚ್ಚಿದ ಗುರುತಿನ ಬಗ್ಗೆ ಎಷ್ಟೆಷ್ಟೋ ಕಥೆ ಓಡಾಡ್ತವೆ, ಜಾನೋಫ್ ಹೇಳಿದ್ದು ಮಾತ್ರ ತುಂಬಾ ಸರಳ, ಸಣ್ಣ ಸೈಜಲ್ಲಿ ಅದು ಚೆರ್ರಿ ಥರ ಕಾಣಬಾರ್ದು ಅಂತ. ನಂಗೆ ಈ ಕಾರಣ ಉಳಿದೆಲ್ಲಾ ಕಥೆಗಿಂತ ಇಷ್ಟ. ಅವರ ಆಪಲ್ 2 ಕಂಪ್ಯೂಟರ್ ಕಲರ್ ತೋರಿಸ್ತಿತ್ತು, ಅದಕ್ಕೆ ಬಣ್ಣದ ಪಟ್ಟೆ ಬಂತು. 1998ರ ಹೊತ್ತಿಗೆ ಕಂಪ್ಯೂಟರಲ್ಲಿ ಕಲರ್ ಸ್ಕ್ರೀನ್ ಮಾಮೂಲಾಗಿತ್ತಲ್ಲ, ಪಟ್ಟೆ ಹೋಗಿ ಒಂದೇ ಬಣ್ಣ ಆಯ್ತು, ಆಕಾರ ಮುಟ್ಟಲಿಲ್ಲ.

ನಮ್ಮ ಬೆಂಗಳೂರಿನ ವಿಪ್ರೋ 1945ರಲ್ಲಿ ಮಹಾರಾಷ್ಟ್ರದ ಅಮಳನೇರದಲ್ಲಿ ಅಡುಗೆ ಎಣ್ಣೆ ಮಾಡೋಕೆ ಶುರುವಾದ ಕಂಪನಿ. 1998ರಲ್ಲಿ ಬಂದ ಬಣ್ಣಬಣ್ಣದ ಹೂವು ನಿಮಗೆಲ್ಲಾ ನೆನಪಿರುತ್ತೆ, 2017ರಲ್ಲಿ ಅದು ಹೋಗಿ ಚುಕ್ಕಿಗಳ ಗುರುತು ಬಂತು. ಸೋಪು, ಬಲ್ಬು ಮಾಡೋ ಭಾಗ 2013ರಲ್ಲೇ ಬೇರೆ ಕಂಪನಿಯಾಗಿತ್ತು, ಉಳಿದಿದ್ದು ಐಟಿ. ಹೂವು ನೋಡೋಕೆ ನಿಜವಾಗ್ಲೂ ಚಂದ, ಆದ್ರೆ ಅಷ್ಟೊಂದು ಬಣ್ಣ ಇರೋ ಲೋಗೋನ ಸಿಂಗಲ್ ಕಲರಲ್ಲಿ ಪ್ರಿಂಟ್ ಹೊಡೆಯೋದು ಎಷ್ಟು ಕಷ್ಟ ಅಂತ ಪ್ರೆಸ್ಸಲ್ಲಿ ನಿಂತು ನೋಡಿದೋರಿಗೇ ಗೊತ್ತು.

ಇದಕ್ಕೆ ಉಲ್ಟಾ ಎಸ್‌ಬಿಐ. 1971ರಲ್ಲಿ ಅಹಮದಾಬಾದಿನ ಡಿಸೈನ್ ಕಾಲೇಜು ಎನ್‌ಐಡಿಯ ಶೇಖರ್ ಕಾಮತ್ ಮಾಡಿದ ಗುಂಡು, ನಡುವೆ ಒಂದು ಚಿಕ್ಕ ಗುಂಡು, ಅಲ್ಲಿಂದ ಕೆಳಗೊಂದು ಸೀಳು, ಮುಗೀತು. ಕೈವಾರ ಮತ್ತು ಸ್ಕೇಲ್ ಇದ್ರೆ ಹಳ್ಳಿ ಪೇಂಟರ್ ಕೂಡ ಗೋಡೆ ಮೇಲೆ ಬರೀಬಹುದು. ರಬ್ಬರ್ ಸ್ಟಾಂಪು, ಪಾಸ್‌ಬುಕ್ಕು, ಎಟಿಎಂ, ಈಗ ಫೋನಿನ ಆ್ಯಪ್, ಎಲ್ಲಾ ಕಡೆ ಅದೇ ಗುಂಡು ಕೂರುತ್ತೆ. ಮಧ್ಯೆ ಬಣ್ಣ, ಅಕ್ಷರ ಒಂಚೂರು ಅತ್ತಿತ್ತ ಆಗಿರ್ಬಹುದು ಅಷ್ಟೇ. ಹೊಸಬರು ಯಾರಾದ್ರೂ ಕೆಲಸಕ್ಕೆ ಸೇರಿದ್ರೆ ನಾನು ಮೊದಲು ಬರೆಸೋದು ಇದನ್ನೇ.

ಹಾಗಂತ ಎಲ್ಲಾನೂ ಸಿಂಪಲ್ ಮಾಡ್ಬಿಡ್ಬೇಕಾ ಅಂದ್ರೆ, ದಯವಿಟ್ಟು ಬೇಡ. ಅಮೆರಿಕದಲ್ಲಿ ಟ್ರಾಪಿಕಾನಾ ಜ್ಯೂಸಿನವರು 2009ರಲ್ಲಿ ಡಬ್ಬಿ ಮೇಲಿದ್ದ ಸ್ಟ್ರಾ ಚುಚ್ಚಿದ ಕಿತ್ತಳೆ ತೆಗೆದು ನೀಟಾದ ಗ್ಲಾಸ್ ಜ್ಯೂಸ್ ಹಾಕಿದ್ರು, ಜನಕ್ಕೆ ಶೆಲ್ಫಲ್ಲಿ ತಮ್ಮ ಡಬ್ಬೀನೇ ಗುರುತು ಸಿಗ್ಲಿಲ್ಲ, ಎರಡು ತಿಂಗಳೊಳಗೆ ಮಾರಾಟ ಸುಮಾರು 20% ಬಿದ್ದು ಹಳೇ ಡಬ್ಬಿ ವಾಪಸ್ ಬಂತು. ನಮ್ಮ ಮೈಸೂರ್ ಸ್ಯಾಂಡಲ್ ಸೋಪಿನ ಶರಭ, ಆನೆ ತಲೆ ಸಿಂಹದ ಮೈ, ಸಣ್ಣ ಸ್ಕ್ರೀನಲ್ಲಿ ಅಷ್ಟು ಸ್ಪಷ್ಟ ಕಾಣಲ್ಲ, ಆದ್ರೂ ಅದನ್ನ ಯಾರೂ ಮುಟ್ಟಬಾರ್ದು ಅಂತಲೇ ನನ್ನ ಅಭಿಪ್ರಾಯ. ಸಣ್ಣ ಸೈಜಿಗೆ ಬೇಕಿದ್ರೆ ಗೆರೆ ಕಮ್ಮಿ ಮಾಡಿದ ಇನ್ನೊಂದು ರೂಪ ಇಟ್ಕೊಳ್ಳಬಹುದು.

ಈಗ ನಮ್ಮ ರಾಜ್ಯದಲ್ಲಿ ಲೋಗೋ ಕೂರೋ ಜಾಗ ಮತ್ತೆ ಬದಲಾಗಿದೆ. ಬೋರ್ಡಲ್ಲಿ 60% ಕನ್ನಡ ಇರ್ಬೇಕು ಅಂತ 2024ರಲ್ಲಿ ಕಾಯ್ದೆ ಬಂತಲ್ಲ, ಆಮೇಲೆ ಬೋರ್ಡುಗಳನ್ನ ಗಮನಿಸಿ ನೋಡಿ. ಇಂಗ್ಲಿಷ್ ಅಕ್ಷರ ಲಕ್ಷಗಟ್ಟಲೆ ಕೊಟ್ಟು ಡಿಸೈನ್ ಮಾಡ್ಸಿರ್ತಾರೆ, ಕನ್ನಡ ಮಾತ್ರ ಕಂಪ್ಯೂಟರಲ್ಲಿ ಸಿಕ್ಕಿದ ಯಾವುದೋ ಫಾಂಟು, ಅದನ್ನೂ ಎಳೆದು ಹಿಗ್ಗಿಸಿರ್ತಾರೆ. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಇಂಗ್ಲಿಷ್ ದೊಡ್ಡಕ್ಷರ ಎರಡು ಗೆರೆ ಮಧ್ಯೆ ಕೂರುತ್ತೆ, ನಮ್ದು ಹಾಗಲ್ಲ, ಮೇಲೆ ಗುಡಿಸು, ಕೆಳಗೆ ಒತ್ತು. 'ಲಕ್ಷ್ಮಿ' ಅಂತ ಬರೆದ್ರೆ ಷ ಒತ್ತು, ಮ ಒತ್ತು ಎರಡೂ ಕೆಳಗಿಳಿಯುತ್ತೆ. ಇಂಗ್ಲಿಷ್ ಎತ್ತರಕ್ಕೇ ಅದನ್ನ ತುರುಕಿದ್ರೆ ಮೂಲ ಅಕ್ಷರ ಚಿಕ್ಕದಾಗಿ ಒತ್ತಕ್ಷರ ಮುದ್ದೆಯಾಗುತ್ತೆ, ರಾತ್ರಿ ಹಿಂದೆ ಲೈಟ್ ಹಾಕಿದ್ರಂತೂ ಓದೋಕೇ ಆಗಲ್ಲ. ಕನ್ನಡಕ್ಕೆ ಎತ್ತರ ಜಾಸ್ತಿ ಬೇಕು, ಒತ್ತಿಗೆ ಉಸಿರಾಡೋಕೆ ಜಾಗ ಬೇಕು, ಗೆರೆ ದಪ್ಪ ಕನ್ನಡದ ದುಂಡಿಗೆ ತಕ್ಕ ಹಾಗೆ ಇರ್ಬೇಕು. ಇದನ್ನ ಕೊನೇಲಿ ಸೇರಿಸೋಕಾಗಲ್ಲ, ಲೋಗೋ ಮಾಡುವಾಗ್ಲೇ ಯೋಚಿಸ್ಬೇಕು.

ಕಾಫಿಪುಡಿಯವರ ವಿಷಯಕ್ಕೆ ಬರ್ತೀನಿ. ಅವರ ತೊಂದರೆ ಪೌಚಲ್ಲಿತ್ತು, ಯಾರೋ ನಡುವೆ ಲೋಗೋಗೆ ಆರು ಬಣ್ಣ ತುಂಬಿದ್ರು, ಪೌಚ್ ಪ್ರಿಂಟಿಂಗಲ್ಲಿ ಒಂದೊಂದು ಬಣ್ಣಕ್ಕೂ ಅಚ್ಚು ಕೊರೆದ ಒಂದೊಂದು ಸಿಲಿಂಡರ್ ಬೇಕು, ಖರ್ಚು ಏರ್ತಾನೇ ಹೋಗಿತ್ತು. ತಾತನ ಕಾಲದ್ದು ಏನಾದ್ರೂ ಇದ್ಯಾ ಅಂತ ಕೇಳ್ದೆ. ಮುಂದಿನ ವಾರ ಅಪ್ಪ ಒಂದು ಹಳೇ ಬಿಲ್ ಬುಕ್ ತಂದ್ರು, ಅಂಚು ಹುಳ ತಿಂದಿತ್ತು. ತಲೆಮೇಲೆ ಅಂಗಡಿ ಹೆಸರು ಕನ್ನಡದಲ್ಲಿ, ಯಾರೋ ಕೈಯಲ್ಲಿ ಬರೆದು ಅಚ್ಚಿನ ಬ್ಲಾಕ್ ಮಾಡ್ಸಿದ್ದು, ಒಂದೇ ಬಣ್ಣ, ಒತ್ತಕ್ಷರಕ್ಕೆ ಎಷ್ಟು ಬೇಕೋ ಅಷ್ಟು ಜಾಗ. ಅದನ್ನ ಸ್ಕ್ಯಾನ್ ಮಾಡಿ ಗೆರೆ ಮೇಲೆ ಗೆರೆ ಎಳೀತಾ ಇದೀವಿ, ಪೌಚಿಗೆ ಎರಡೇ ಬಣ್ಣ, ಡಿಪಿಗೆ ಹೆಸರಿನ ಮೊದಲಕ್ಷರ ಮಾತ್ರ. ಬೋರ್ಡಿಗೆ ಅಳತೆ ತಗೊಳೋಕೆ ಸೋಮವಾರ ನಾನೇ ಹೋಗ್ತಿದೀನಿ.