ಪೆಡಲ್ ತುಳಿಯುವುದಾದರೆ ಕರೆಂಟಿನ ಸೈಕಲ್ ಯಾಕೆ?

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಬದಿಯ ಓಣಿಯೊಂದರಲ್ಲಿ ನಾನು ಹೈಸ್ಕೂಲ್ ದಿನಗಳಿಂದ ಹೋಗುತ್ತಿರುವ ಸೈಕಲ್ ಶಾಪ್ ಇದೆ. ಕಳೆದ ತಿಂಗಳು ಅಲ್ಲಿಗೆ ಹೋದಾಗ ಒಂದು ವಿದ್ಯುತ್ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರ ಕಳಚಿ, ಅದರ ನಡುವಿನ ಮೋಟಾರನ್ನು ಬಿಚ್ಚಿಟ್ಟಿದ್ದರು. ತೆಂಗಿನಕಾಯಿಯ ಹೋಳಿನಷ್ಟು ಅಗಲದ ಅಲ್ಯೂಮಿನಿಯಂ ಚಿಪ್ಪು. ಒಳಗೆ ಸುಟ್ಟ ವಾಸನೆಯ ಕಪ್ಪು ಗ್ರೀಸ್, ಅದರ ನಡುವೆ ಮೂರು ಬಿಳಿ ನೈಲಾನ್ ಗೇರುಗಳು. ಮೆಕ್ಯಾನಿಕ್ ಒಂದನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರು. ಹಲ್ಲುಗಳೆಲ್ಲ ಒಂದೇ ಕಡೆಗೆ ಬಾಗಿದ್ದವು, ಒಂದೆರಡು ಕಡೆ ಚೂರೆದ್ದು ಹೋಗಿದ್ದವು.

“ಏರಿನಲ್ಲಿ ಬರೀ ಥ್ರಾಟಲ್ ತಿರುಗಿಸಿಕೊಂಡು ಹೋಗುತ್ತೀರಿ, ಅಲ್ಲವೇನಮ್ಮ?” ಎಂದು ಕೇಳಿದರು. ಥ್ರಾಟಲ್ ಎಂದರೆ ಸ್ಕೂಟರಿನ ಎಕ್ಸಿಲರೇಟರಿನಂತೆ ತಿರುಗಿಸುವ ಹಿಡಿ.

ಸೈಕಲ್ಲಿನ ಒಡತಿ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕೆಲಸ ಮಾಡುವವರು. “ಪೆಡಲ್ ತುಳಿಯುವುದಾದರೆ ಕರೆಂಟಿನ ಸೈಕಲ್ ಯಾಕಣ್ಣ?” ಎಂದರು.

ಅಂದಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿದಿದೆ. ನಮ್ಮ ದೇಶದಲ್ಲಿ ವಿದ್ಯುತ್ ಸೈಕಲ್ಲಿನ ಮಾರುಕಟ್ಟೆ ಎತ್ತ ಸಾಗೀತು ಎಂಬುದು ಈ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆ ನಿಂತಿದೆ ಎಂದು ನನಗೆ ಅನಿಸುತ್ತದೆ.

ಮೊದಲು ಏರಿನ ಲೆಕ್ಕ ನೋಡೋಣ. ಸವಾರ, ಸೈಕಲ್, ಬ್ಯಾಗು, ಊಟದ ಡಬ್ಬಿ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 100 ವ್ಯಾಟ್ ಸಾಕು. ಆರೋಗ್ಯವಂತ ಮನುಷ್ಯ ಹೆಚ್ಚು ದಣಿಯದೆ 75ರಿಂದ 100 ವ್ಯಾಟ್‌ನಷ್ಟು ಶಕ್ತಿಯನ್ನು ಬಹಳ ಹೊತ್ತು ಕೊಡಬಲ್ಲ. ಬಯಲುಸೀಮೆಯ ಊರುಗಳಲ್ಲಿ ಸೈಕಲ್ಲು ನೂರು ವರ್ಷ ಸುಖವಾಗಿ ಬಾಳಿದ್ದು ಇದರಿಂದಲೇ. ಈಗ ನೂರು ಅಡಿ ಸಾಗಿದರೆ ಎಂಟು ಅಡಿ ಮೇಲೇರುವ ರಸ್ತೆಗೆ ಬನ್ನಿ. ಮಲೆನಾಡಿನಲ್ಲಿ ಇಂಥ ಏರು ತೀರಾ ಸಾಮಾನ್ಯ. ಇಲ್ಲಿ ಗಂಟೆಗೆ ಬರೀ 10 ಕಿಲೋಮೀಟರ್ ವೇಗಕ್ಕೆ 210–220 ವ್ಯಾಟ್ ಬೇಕು. ವೇಗ ಅರ್ಧಕ್ಕಿಳಿದರೂ ಬೇಕಾಗುವ ಶಕ್ತಿ ಎರಡು ಪಟ್ಟು! ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರುಮಾಡಿದಾಗ ಆ ಮಕ್ಕಳ ಸಂತೋಷವನ್ನು ಕಣ್ಣಾರೆ ಕಂಡವನು ನಾನು. ಅದೇ ಮಕ್ಕಳು ಏರು ಬಂದಲ್ಲೆಲ್ಲ ಇಳಿದು, ಬೆನ್ನಿಗೆ ಪುಸ್ತಕದ ಚೀಲ ಹೊತ್ತು ಸೈಕಲ್ ತಳ್ಳಿಕೊಂಡು ಹೋಗುವುದನ್ನೂ ಕಂಡಿದ್ದೇನೆ. ಆ ಸೈಕಲ್ಲುಗಳಿಗೆ ಕೊರತೆಯಿದ್ದದ್ದು ನೂರು, ನೂರಿಪ್ಪತ್ತು ವ್ಯಾಟ್ ಮಾತ್ರ.

ವಿದ್ಯುತ್ ಸೈಕಲ್ಲಿನ ಮೋಟಾರು ಆ ಕೊರತೆಯನ್ನು ತುಂಬಲೆಂದೇ ಹುಟ್ಟಿದ್ದು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರ್ ತಲುಪುವಷ್ಟರಲ್ಲಿ ಅದರ ನೆರವು ನಿಂತುಹೋಗುವಂತಿದ್ದರೆ ಆ ಸೈಕಲ್ಲು ಮೋಟಾರು ವಾಹನವೇ ಅಲ್ಲ. ಅದಕ್ಕೆ ನೋಂದಣಿ ಬೇಡ, ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಯುರೋಪಿನ ಮಿತಿಯೂ ಇದೇ: 250 ವ್ಯಾಟ್, 25 ಕಿಲೋಮೀಟರ್.

ಹಾಗಾದರೆ 250 ವ್ಯಾಟ್ ಮೋಟಾರಿಗೆ 220 ವ್ಯಾಟ್‌ನ ಏರು ಯಾಕೆ ಭಾರವಾಗಬೇಕು? ಒಡತಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಚಕ್ರದ ನಡುವೆ, ಅಂದರೆ ಹಬ್ಬಿನಲ್ಲಿ, ಕೂರಿಸಿದ ಮೋಟಾರು ಗಂಟೆಗೆ 20–25 ಕಿಲೋಮೀಟರ್ ವೇಗದಲ್ಲಿ ಚಕ್ರ ತಿರುಗುವಾಗ ಚೆನ್ನಾಗಿ ದುಡಿಯುತ್ತದೆ. ಏರಿನಲ್ಲಿ ಚಕ್ರ ನಿಧಾನವಾಗುತ್ತದೆ, ಆದರೆ ತಳ್ಳಬೇಕಾದ ಬಲ ಹೆಚ್ಚುತ್ತದೆ. ಮೋಟಾರಿನ ಬಲ ಅದರ ಸುರುಳಿಗಳಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ತಕ್ಕಷ್ಟು. ಸುರುಳಿಯಲ್ಲಿ ಹುಟ್ಟುವ ಶಾಖವೋ ಪ್ರವಾಹದ ವರ್ಗಕ್ಕೆ ತಕ್ಕಷ್ಟು. ಬಲ ಎರಡು ಪಟ್ಟು ಬೇಕೆಂದರೆ ಶಾಖ ನಾಲ್ಕು ಪಟ್ಟು. ಬ್ಯಾಟರಿಯಿಂದ ಹೊರಟ ವಿದ್ಯುತ್ತಿನ ದೊಡ್ಡ ಪಾಲು ಚಕ್ರ ತಿರುಗಿಸುವ ಬದಲು ಹಬ್ಬನ್ನು ಕಾಯಿಸುತ್ತದೆ, ಕಾದ ನೈಲಾನ್ ಮೆತ್ತಗಾಗುತ್ತದೆ, ಮೆತ್ತಗಾದ ಹಲ್ಲು ಬಾಗುತ್ತದೆ.

ಇದನ್ನೇ ತಿರುಗಿಸಿ ನೋಡಿ. ಏರಿನಲ್ಲಿ ಬೇಕಾದ ಬಲದ ಅರ್ಧವನ್ನು ಸವಾರ ತನ್ನ ಕಾಲಿನಿಂದ ಕೊಟ್ಟರೆ ಮೋಟಾರಿನ ಪಾಲು ಅರ್ಧಕ್ಕಿಳಿಯುತ್ತದೆ, ಅದರ ಶಾಖ ಕಾಲು ಭಾಗಕ್ಕಿಳಿಯುತ್ತದೆ. ತುಳಿಯುವವರ ಅರ್ಧ ಶ್ರಮಕ್ಕೆ ಯಂತ್ರಕ್ಕೆ ಸಿಗುವ ಬಿಡುವು ಮುಕ್ಕಾಲು ಪಾಲು. ಭೌತವಿಜ್ಞಾನ ಇಷ್ಟು ಉದಾರವಾಗಿ ಲಾಭ ಕೊಡುವ ವ್ಯವಹಾರಗಳು ಹೆಚ್ಚಿಲ್ಲ.

ಮುಳ್ಳಯ್ಯನಗಿರಿಯ ಲೆಕ್ಕವನ್ನೂ ಮಾಡಿಬಿಡೋಣ, ಅದು ನನಗೆ ಪ್ರಿಯವಾದ ಲೆಕ್ಕ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಗಿರಿಯ ನೆತ್ತಿ ಸುಮಾರು 1,930 ಮೀಟರ್. 90 ಕಿಲೋ ಭಾರವನ್ನು ಈ 840 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಕಾಲು ಯೂನಿಟ್ ವಿದ್ಯುತ್ತಿಗಿಂತಲೂ ಕಡಿಮೆ. ಟೈರಿನ ತಿಕ್ಕಾಟ, ಗಾಳಿ, ಮೋಟಾರಿನ ಶಾಖ ಎಲ್ಲ ಸೇರಿದರೂ ಅರ್ಧ ಯೂನಿಟ್ ದಾಟದು. ಯೂನಿಟ್‌ಗೆ ಆರೇಳು ರೂಪಾಯಿ ಹಿಡಿದರೆ ಕರ್ನಾಟಕದ ಅತಿ ಎತ್ತರದ ಶಿಖರಕ್ಕೆ ಮೂರು ಮೂರೂವರೆ ರೂಪಾಯಿಯ ಕರೆಂಟು! ಸಾಮಾನ್ಯವಾಗಿ ಸಿಗುವ 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಸುವುದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, 360 ವ್ಯಾಟ್-ಅವರ್. ಪೆಟ್ರೋಲಿನಲ್ಲಿ ಹೇಳಬೇಕೆಂದರೆ ಬೈ-ಟು ಕಾಫಿಯ ಲೋಟದಲ್ಲಿ ಹಿಡಿಸುವಷ್ಟು ಶಕ್ತಿ. ಕೈಮರ ದಾಟಿ ತಿರುವುಗಳನ್ನು ಹತ್ತಿ ನೆತ್ತಿ ಸೇರಲು ಬ್ಯಾಟರಿಯೊಂದಕ್ಕೇ ಕಷ್ಟ. ಕಾಲೂ ಜೊತೆಗೂಡಿದರೆ ಸಾಧ್ಯ.

ಇಳಿಯುವಾಗ ಆ ಶಕ್ತಿ ಬ್ಯಾಟರಿಗೆ ಮರಳುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಇಂಥ ಗೇರಿನ ಹಬ್ ಮೋಟಾರುಗಳಲ್ಲಿ ಮರಳುವುದಿಲ್ಲ. ಒಳಗಿನ ಒಂದು ಕ್ಲಚ್ಚು ಇಳಿಜಾರಿನಲ್ಲಿ ಚಕ್ರವನ್ನು ಮೋಟಾರಿನಿಂದ ಬಿಡಿಸಿಬಿಡುತ್ತದೆ. ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ. ನಮ್ಮ ಕಡೆಯವರು ಬೇರೆ ಯಾವುದರಲ್ಲಿ ಹಣ ಉಳಿಸಿದರೂ ಬ್ರೇಕಿನಲ್ಲಿ ಉಳಿಸಬಾರದು. ಆರಿದ್ರಾ ಮಳೆಯಲ್ಲಿ ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕು ಹಿಡಿಯುವುದೇ ಇಲ್ಲ, ಡಿಸ್ಕ್ ಬ್ರೇಕ್ ಬೇಕೇ ಬೇಕು.

ಇನ್ನು ಮಾರುಕಟ್ಟೆಯ ವಿಷಯ. ತುಳಿಯಬೇಕೋ ಬೇಡವೋ ಎಂಬ ಪ್ರಶ್ನೆಗೆ ಜಗತ್ತು ಎರಡು ಉತ್ತರ ಕೊಟ್ಟಿದೆ. ಜಪಾನಿನಲ್ಲಿ ಯಮಹಾ ಕಂಪನಿ 1993ರಲ್ಲಿ ಮಾರುಕಟ್ಟೆಗೆ ತಂದ ಸೈಕಲ್ಲಿನಲ್ಲಿ, ಸವಾರ ಎಷ್ಟು ಬಲವಾಗಿ ತುಳಿಯುತ್ತಾನೆಂದು ಅಳೆದು ಅದಕ್ಕೆ ತಕ್ಕಷ್ಟು ನೆರವು ಕೊಡುವ ವ್ಯವಸ್ಥೆ ಇತ್ತು. ತುಳಿಯದಿದ್ದರೆ ಮೋಟಾರಿಲ್ಲ. ಯುರೋಪು ಇದೇ ದಾರಿ ಹಿಡಿಯಿತು. ಜರ್ಮನಿಯಲ್ಲಿ 2023ರಲ್ಲಿ ಸುಮಾರು 21 ಲಕ್ಷ ವಿದ್ಯುತ್ ಸೈಕಲ್ಲುಗಳು ಮಾರಾಟವಾದವು, ಸಾಮಾನ್ಯ ಸೈಕಲ್ಲುಗಳು 19 ಲಕ್ಷ. ಮೋಟಾರಿನ ಸೈಕಲ್ಲು ಅಲ್ಲಿ ಬರಿಯ ಸೈಕಲ್ಲನ್ನು ಹಿಂದಿಕ್ಕಿದ್ದು ಅದೇ ಮೊದಲು. ನೆದರ್ಲೆಂಡ್ಸ್ ಅದಕ್ಕೂ ಮುಂಚೆಯೇ ಆ ಗೆರೆ ದಾಟಿತ್ತು. ಆ ದೇಶದಲ್ಲಿ ಹೇಳಿಕೊಳ್ಳುವಂಥ ಬೆಟ್ಟವೇ ಇಲ್ಲ, ಇರುವುದು ಎದುರುಗಾಳಿ. ಈ ಏಳಿಗೆ ಏಕಪ್ರಕಾರವಾಗಿಯೇನೂ ಸಾಗಲಿಲ್ಲ. ಕೋವಿಡ್ ಕಾಲದಲ್ಲಿ ಬೇಡಿಕೆ ಉಕ್ಕಿತು, ಕಂಪನಿಗಳು ಮಿತಿಮೀರಿ ತಯಾರಿಸಿದವು, ಆಮೇಲೆ ಗೋದಾಮುಗಳಲ್ಲಿ ಮಾಲು ಕೊಳೆಯಿತು. ನೆದರ್ಲೆಂಡ್ಸ್‌ನ ಹೆಸರಾಂತ ವಿದ್ಯುತ್ ಸೈಕಲ್ ಕಂಪನಿ ವ್ಯಾನ್‌ಮೂಫ್ 2023ರ ಜುಲೈನಲ್ಲಿ ದಿವಾಳಿಯಾಯಿತು.

ಚೀನಾ ಬೇರೆ ದಾರಿ ಹಿಡಿಯಿತು. ಅಲ್ಲಿನ ಅನೇಕ ನಗರಗಳು ಪೆಟ್ರೋಲ್ ಬೈಕುಗಳನ್ನು ನಿರ್ಬಂಧಿಸಿದಾಗ ಜನ ವಿದ್ಯುತ್ ಸೈಕಲ್ಲಿಗೆ ಬಂದರು. ಹೆಸರಿಗೆ ಸೈಕಲ್ಲು, ನೋಡಲು ಸ್ಕೂಟರು, ನಡೆಯುವುದು ಥ್ರಾಟಲ್ಲಿನಿಂದ. ಇಂದು ಅಲ್ಲಿ ಅಂಥವು 30 ಕೋಟಿಗೂ ಹೆಚ್ಚಿವೆ. ಪೆಡಲ್ ಇರಲೇಬೇಕೆಂದು 2018ರ ರಾಷ್ಟ್ರೀಯ ಮಾನದಂಡ ಹೇಳುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಮಾನದಂಡ ಆ ಕಡ್ಡಾಯವನ್ನು ಸಡಿಲಿಸಿತು.

ಭಾರತ ಈಗ ಈ ಕವಲಿನಲ್ಲಿ ನಿಂತಿದೆ. ಸೈಕಲ್ ತಯಾರಿಕೆಯಲ್ಲಿ ನಾವು ಚೀನಾದ ನಂತರದ ಸ್ಥಾನದಲ್ಲಿದ್ದೇವೆ. ಲೂಧಿಯಾನ ಸೈಕಲ್ಲಿನದೇ ಊರು. ಅಲ್ಲಿನ ಹೀರೋ ಸೈಕಲ್ಸ್ ಲೆಕ್ಟ್ರೋ ಎಂಬ ಹೆಸರಿನಲ್ಲಿ, ಪುಣೆಯ ಇಮೋಟೊರಾಡ್ ತನ್ನದೇ ಹೆಸರಿನಲ್ಲಿ ವಿದ್ಯುತ್ ಸೈಕಲ್ ಮಾರುತ್ತಿವೆ. ಮೂವತ್ತು ನಲವತ್ತು ಸಾವಿರ ರೂಪಾಯಿಗೆ ಒಳ್ಳೆಯ ಸೈಕಲ್ಲು ಸಿಗುತ್ತದೆ. ಇದು ಸಾಧ್ಯವಾದದ್ದು ಬ್ಯಾಟರಿಯಿಂದ. ಲಿಥಿಯಂ-ಅಯಾನ್ ಬ್ಯಾಟರಿ 2010ರ ಸುಮಾರಿಗೆ ಒಂದು ಯೂನಿಟ್ ಹಿಡಿಸುವ ಸಾಮರ್ಥ್ಯಕ್ಕೆ, ಅಂದರೆ ಕಿಲೋವ್ಯಾಟ್-ಅವರ್‌ಗೆ ಸಾವಿರ ಡಾಲರ್‌ಗೂ ಹೆಚ್ಚಿತ್ತು, 2024ರಲ್ಲಿ ಜಾಗತಿಕ ಸರಾಸರಿ 115 ಡಾಲರ್‌ಗೆ ಬಂದಿತ್ತು.

ಆದರೆ ನಮ್ಮ ದೇಶದಲ್ಲಿ ಎಷ್ಟು ವಿದ್ಯುತ್ ಸೈಕಲ್ಲುಗಳು ಓಡುತ್ತಿವೆ? ವಿದ್ಯುತ್ ಸ್ಕೂಟರು, ಬೈಕುಗಳ ಲೆಕ್ಕ ಸರ್ಕಾರದ ವಾಹನ ನೋಂದಣಿಯ ಜಾಲತಾಣವಾದ ವಾಹನ್ ಪೋರ್ಟಲಿನಲ್ಲಿದೆ. 2024–25ರ ಒಂದೇ ಆರ್ಥಿಕ ವರ್ಷದಲ್ಲಿ ಅವು ಹನ್ನೊಂದು ಲಕ್ಷ ದಾಟಿದವು. ಸೈಕಲ್ಲಿಗೆ ನೋಂದಣಿಯೇ ಇಲ್ಲವಾದ್ದರಿಂದ ಅದು ಆ ಪಟ್ಟಿಯಲ್ಲಿ ಬರುವುದಿಲ್ಲ. ನೋಂದಣಿ ಬೇಡವೆಂಬುದು ಕೊಳ್ಳುವವರಿಗೆ ದೊಡ್ಡ ಅನುಕೂಲ, ಆದರೆ ಅದೇ ಕಾರಣಕ್ಕೆ ಈ ವಾಹನ ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ. 2019ರಲ್ಲಿ ಬಂದ ವಿದ್ಯುತ್ ವಾಹನಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ 10,000 ಕೋಟಿ ರೂಪಾಯಿಯ ಫೇಮ್-2 ಯೋಜನೆಯ ಸಬ್ಸಿಡಿ ನೋಂದಾಯಿತ ವಾಹನಗಳಿಗೆ ಮಾತ್ರ ಸಿಕ್ಕಿತು. 2024ರ ಪಿಎಂ ಇ-ಡ್ರೈವ್ ಕೂಡ ಅದೇ ಹಾದಿ ಹಿಡಿಯಿತು. ದೆಹಲಿ ಸರ್ಕಾರ 2022ರಲ್ಲಿ ಮೊದಲ ಹತ್ತು ಸಾವಿರ ವಿದ್ಯುತ್ ಸೈಕಲ್ಲುಗಳಿಗೆ ತಲಾ 5,500 ರೂಪಾಯಿವರೆಗೆ ನೆರವು ಘೋಷಿಸಿದ್ದು ಒಳ್ಳೆಯ ಹೆಜ್ಜೆ. 2017ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ವಿದ್ಯುತ್ ವಾಹನ ನೀತಿ ತಂದ ನಮ್ಮ ರಾಜ್ಯ ಸೈಕಲ್ಲಿನ ವಿಷಯದಲ್ಲಿ ಹಿಂದುಳಿಯಬಾರದು. ಒಂದು ಸಣ್ಣ ವಿದ್ಯುತ್ ಕಾರಿನ 30 ಯೂನಿಟ್ ಬ್ಯಾಟರಿಯಲ್ಲಿ ಎಂಬತ್ತಕ್ಕೂ ಹೆಚ್ಚು ಸೈಕಲ್ಲುಗಳು ಓಡಬಲ್ಲವು. ಲಿಥಿಯಂ ಅನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶಕ್ಕೆ ಇದಕ್ಕಿಂತ ನೇರವಾದ ಲೆಕ್ಕ ಬೇಕೇ?

ಸರ್ಕಾರದಷ್ಟೇ ನನ್ನನ್ನು ಕಾಡುವುದು ಮಾರುವವರ ಮಾತು. “ತುಳಿಯದೇ ಹೋಗಬಹುದು” ಎಂದು ಹೇಳಿ ಮಾರಿದ ಸೈಕಲ್ಲು ಮಲೆನಾಡಿನಲ್ಲಿ ಬಡಪಾಯಿ ಸ್ಕೂಟರಿನಂತೆ ನಡೆಯುತ್ತದೆ. ಒಂದು ವರ್ಷದಲ್ಲಿ ಗೇರು ಸವೆದು ಮೂಲೆ ಸೇರುತ್ತದೆ. ನೋಡಿದ ನೆರೆಯವರು ಕೊಳ್ಳುವುದಿಲ್ಲ. ಅದೇ ಸೈಕಲ್ಲನ್ನು ಏರಿನಲ್ಲಿ ಜೊತೆಗೊಬ್ಬರು ತಳ್ಳಿದಂತೆ ಎಂದು ತಿಳಿಸಿ ಕೊಟ್ಟರೆ ಅದು ವರ್ಷಗಟ್ಟಲೆ ಬಾಳುತ್ತದೆ. ಅಗ್ಗದ ಮಾದರಿಗಳಲ್ಲಿ ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ನೋಡುವ ಅಯಸ್ಕಾಂತದ ಸೆನ್ಸರ್ ಇರುತ್ತದೆ, ತುಳಿತದ ಬಲ ಅದಕ್ಕೆ ತಿಳಿಯದು. ಏರಿನಲ್ಲಿ ನಿಂತು ಹೊರಡುವಾಗ ಅರ್ಧ ಸುತ್ತು ತುಳಿದ ಮೇಲೆ ಮೋಟಾರು ಜಗ್ಗುತ್ತದೆ, ಹೊಸಬರು ಗಾಬರಿಯಾಗುತ್ತಾರೆ. ಬಲವನ್ನೇ ಅಳೆಯುವ ಸೆನ್ಸರ್, ಪೆಡಲ್ ಬುಡದಲ್ಲಿ ಕೂತು ಚೈನಿನ ಗೇರುಗಳ ಮೂಲಕ ದುಡಿಯುವ ಮೋಟಾರು — ಇವು ನಮ್ಮ ಬೆಟ್ಟದ ಊರುಗಳಿಗೆ ಹೇಳಿ ಮಾಡಿಸಿದಂಥವು. ಬೆಲೆ ಮಾತ್ರ ಇನ್ನೂ ದುಬಾರಿ.

ಬೆಂಕಿಯ ಭಯವನ್ನೂ ಹಗುರವಾಗಿ ಕಾಣಲಾಗದು. ನ್ಯೂಯಾರ್ಕ್ ನಗರದಲ್ಲಿ 2023ರಲ್ಲಿ ಲಿಥಿಯಂ ಬ್ಯಾಟರಿಗಳ ಬೆಂಕಿಗೆ 18 ಜನ ಬಲಿಯಾದರು. ಅಗ್ಗದ ಬಿಡಿ ಬ್ಯಾಟರಿ, ಹೊಂದದ ಚಾರ್ಜರ್, ಬಾಗಿಲ ಬಳಿ ರಾತ್ರಿಯಿಡೀ ಚಾರ್ಜ್ ಮಾಡುವ ರೂಢಿ, ಈ ಮೂರೂ ಅಪಾಯಕಾರಿ. ಮಳೆಯಲ್ಲಿ ನೆನೆದು ಬಂದ ಬ್ಯಾಟರಿಯ ಪಿನ್ನುಗಳನ್ನು ಒಣಗಿಸದೆ ಚಾರ್ಜರ್ ಚುಚ್ಚಬಾರದು.

ಶಾಪಿನ ವಿಷಯಕ್ಕೆ ಮರಳುತ್ತೇನೆ. ಮೆಕ್ಯಾನಿಕ್ ಹೊಸ ಗೇರುಗಳನ್ನು ಕೂರಿಸಿ, ಬಿಳಿ ಗ್ರೀಸ್ ತುಂಬಿ, ಚಕ್ರ ಬಿಗಿದರು. “ಅಮ್ಮಾ, ಏರು ಶುರುವಾಗುವ ಮುಂಚೆಯೇ ತುಳಿಯಿರಿ. ಬಂದ ಮೇಲೆ ತುಳಿದರೆ ತಡವಾಯಿತು” ಎಂದರು. ಒಡತಿ ಹೊರಟು, ಓಣಿಯ ಕೊನೆಯಲ್ಲಿ ರಸ್ತೆ ಮೇಲೇಳುವ ಜಾಗಕ್ಕೆ ಬರುವ ಮೊದಲೇ ಎರಡು ಸುತ್ತು ತುಳಿದದ್ದನ್ನು ನಾವಿಬ್ಬರೂ ನೋಡಿದೆವು. ಮೋಟಾರು ಸಣ್ಣಗೆ ಗುಂಯ್ ಎಂದಿತು, ಸೈಕಲ್ಲು ವೇಗ ಕಳೆದುಕೊಳ್ಳದೆ ಏರು ದಾಟಿತು. ಮೆಕ್ಯಾನಿಕ್ ಒಳಗೆ ಬಂದು ಗ್ರೀಸ್ ಮೆತ್ತಿದ ಇನ್ನೂರು ಪುಟದ ನೋಟ್‌ಬುಕ್ ತೆಗೆದರು. ತಾರೀಖು, ಸೈಕಲ್ಲಿನ ಬಣ್ಣ, ಆದ ರಿಪೇರಿ, ಇಷ್ಟನ್ನೇ ಬರೆಯುವುದು ಅವರ ರೂಢಿ: ‘ಕಪ್ಪು, ಚಾರ್ಜಿಂಗ್ ಪಿನ್ ತುಕ್ಕು.’ ‘ನೀಲಿ, ಡಿಸ್ಕ್ ಪ್ಯಾಡ್.’ ನಮ್ಮ ಊರಿನಲ್ಲಿ ವಿದ್ಯುತ್ ಸೈಕಲ್ಲಿನ ಲೆಕ್ಕವೆಂದು ನನ್ನ ಕಣ್ಣಿಗೆ ಬಿದ್ದಿರುವುದು ಅದೊಂದೇ. ಆ ದಿನದ ಸಾಲಿನಲ್ಲಿ ‘ಹಸಿರು, ಗೇರ್ ಮೂರು’ ಎಂದು ಬರೆದರು. ಅದು ಆ ಪುಟದ ಕೊನೆಯ ಸಾಲಾಗಿತ್ತು, ಹಾಳೆ ಮಗುಚಿಟ್ಟರು.