ಮೇಣದಬತ್ತಿ ಉರಿಯುತ್ತಿದ್ದರೆ ಹಳೇ ಗಣಿಯೊಳಗೆ ಹೋಗಬಹುದಾ?

ಪ್ರಶ್ನೆ: ಹವ್ಯಾಸಕ್ಕೆ ಹೊಳೆಯಲ್ಲಿ ಚಿನ್ನ ಹುಡುಕುತ್ತೇವೆ. ಪಕ್ಕದ ಗುಡ್ಡದಲ್ಲಿ ಕೈಬಿಟ್ಟ ಗಣಿಯ ಸುರಂಗ ಇದೆ. ಮೇಣದಬತ್ತಿ ಹಿಡಿದು ಒಳಗೆ ಹೋಗಿ, ಅದು ಆರಿದ ತಕ್ಷಣ ವಾಪಸ್ ಬಂದರೆ ಸಾಕಲ್ವಾ?

ಸಾಲದು. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಆದರೂ ಬರೆಯುತ್ತೇನೆ. ಹಳೇ ಗಣಿಗಳ ಬಗ್ಗೆ ಇರುವ ತಪ್ಪು ನಂಬಿಕೆಗಳಲ್ಲಿ ಜೀವಕ್ಕೇ ಎರವಾಗುವಂಥದ್ದು ಇದು.

ಮೊದಲು ಲೆಕ್ಕ ನೋಡೋಣ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.9ರಷ್ಟು ಇರುತ್ತದೆ. ಅದು 19.5ಕ್ಕಿಂತ ಕೆಳಗಿಳಿದರೆ ಕೆಲಸಕ್ಕೆ ಸುರಕ್ಷಿತವಲ್ಲದ ಗಾಳಿ ಎಂದೇ ಲೆಕ್ಕ. ಮೇಣದಬತ್ತಿ ಆರುವುದು ಹೆಚ್ಚುಕಡಿಮೆ 16ಕ್ಕೆ ಬಂದಾಗ. ಅಷ್ಟರಲ್ಲಿ ನಿಮ್ಮ ಎದೆ ಜೋರಾಗಿ ಬಡಿಯುತ್ತಿರುತ್ತದೆ, ಯೋಚನೆ ಮಂಕಾಗಿರುತ್ತದೆ, ಕೈಕಾಲು ಹೇಳಿದ ಮಾತು ಕೇಳುತ್ತಿರುವುದಿಲ್ಲ. ವಾಪಸ್ ಹೋಗಬೇಕು ಎಂದು ತೀರ್ಮಾನ ಮಾಡಬೇಕಾದ ತಲೆಯೇ ಮೊದಲು ಕೈಕೊಟ್ಟಿರುತ್ತದೆ. ಕಾರ್ಬೈಡ್ ದೀಪ (ಕಾರ್ಬೈಡಿಗೆ ನೀರು ಹನಿಸಿದಾಗ ಬರುವ ಅನಿಲದಿಂದ ಉರಿಯುವ ಹಳೇ ಗಣಿ ದೀಪ) ಇನ್ನೂ ಮೋಸ. ಮೇಣದಬತ್ತಿ ಆರುವ ಗಾಳಿಯಲ್ಲೂ ಅದು ಉರಿಯುತ್ತಲೇ ಇರುತ್ತದೆ.

ಇದು ಆಮ್ಲಜನಕದ ಮಾತಾಯಿತು. ದೀಪಕ್ಕೆ ಗೊತ್ತಾಗುವುದು ಅದೊಂದೇ. ವಿಷದ ಗಾಳಿ ಅದಕ್ಕೆ ಗೊತ್ತೇ ಆಗುವುದಿಲ್ಲ.

ಕಾರ್ಬನ್ ಮೊನಾಕ್ಸೈಡ್ ತಗೊಳ್ಳಿ. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಯಲ್ಲಿ ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ಸಾಯುತ್ತಾನೆ. ಅದೇ ಗಾಳಿಯಲ್ಲಿ ಮೇಣದಬತ್ತಿ ಏನೂ ಆಗದ ಹಾಗೆ ಉರಿಯುತ್ತಿರುತ್ತದೆ. ನೀರು ಖಾಲಿ ಮಾಡಲು ಯಾರೋ ಒಳಗೆ ಪೆಟ್ರೋಲ್ ಎಂಜಿನ್ನಿನ ನೀರೆತ್ತುವ ಪಂಪ್ ಓಡಿಸಿದ್ದರೆ ಸಾಕು, ಸುರಂಗದ ತುಂಬ ಇದೇ ಇರುತ್ತದೆ. ಇನ್ನು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗೊತ್ತಾಗಿಬಿಡುತ್ತದೆ ಎನ್ನುತ್ತೀರಿ. ಆದರೆ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ದಾಟಿದರೆ ಮೂಗಿಗೆ ಆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು, ಗಾಳಿ ಚೆನ್ನಾಗಾಯಿತು ಎಂದುಕೊಂಡು ಮುಂದೆ ಹೋಗುತ್ತೀರಿ. ಈ ಅನಿಲ ನಿಂತ ನೀರಿನಲ್ಲಿ ಕರಗಿ ಕೂತಿರುತ್ತದೆ. ನೀವು ಕಾಲಿಟ್ಟು ಕಲಕಿದಾಗ ಮೇಲೆ ಬರುತ್ತದೆ. ಮಿಥೇನ್ ಇದ್ದ ಕಡೆಯಂತೂ ಕೈಯಲ್ಲಿರುವ ಬೆಂಕಿಯೇ ಸ್ಫೋಟಕ್ಕೆ ಕಾರಣ. ಗಾಳಿಯಲ್ಲಿ ಅದು ಶೇಕಡಾ 5ರಿಂದ 15ರಷ್ಟಿದ್ದರೆ ಕಿಡಿ ತಾಗಿದರೂ ಸಿಡಿಯುತ್ತದೆ.

'ಹಿಂದಿನ ಗಣಿ ಕೆಲಸಗಾರರು ದೀಪವನ್ನೇ ನಂಬಿದ್ದರಲ್ಲ' ಎಂಬ ವಾದ ಪ್ರತಿ ಸಲ ಬರುತ್ತದೆ. ಅವರು ನಂಬಿದ್ದರು ಎನ್ನುವುದು ಅರ್ಧ ಸತ್ಯ. 1815ರಲ್ಲಿ ಹಂಫ್ರಿ ಡೇವಿ ಮಾಡಿದ ದೀಪಕ್ಕೆ ಸುತ್ತ ಸಣ್ಣ ತಂತಿ ಬಲೆ ಇತ್ತು, ಉರಿ ಹೊರಗಿನ ಅನಿಲಕ್ಕೆ ತಾಗದಿರಲಿ ಎಂದು. ಉರಿಯ ಮೇಲೆ ನೀಲಿ ಟೋಪಿಯಂಥ ಬೆಳಕು ಕಂಡರೆ ಮಿಥೇನ್ ಇದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಅದನ್ನು ಓದುವುದನ್ನೂ ಕಲಿತಿರಬೇಕಿತ್ತು. ಅಷ್ಟಿದ್ದೂ ಕಾರ್ಬನ್ ಮೊನಾಕ್ಸೈಡ್ ದೀಪಕ್ಕೆ ಸಿಗುತ್ತಿರಲಿಲ್ಲ. ಅದಕ್ಕೇ 1890ರ ದಶಕದಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಸಣ್ಣ ಪ್ರಾಣಿಗಳನ್ನು ಒಯ್ಯಿರಿ, ವಿಷದ ಗಾಳಿಗೆ ಅವು ಮನುಷ್ಯರಿಗಿಂತ ಮೊದಲು ಕುಸಿಯುತ್ತವೆ ಎಂದು ಹೇಳಿದ್ದು. ಕೆನರಿ ಹಕ್ಕಿ ಗಣಿಗೆ ಬಂದದ್ದು ಹಾಗೆ, ಬ್ರಿಟನ್ನಿನಲ್ಲಿ ಅದು 1986ರವರೆಗೂ ಇತ್ತು. ದೀಪವೇ ಸಾಕಾಗಿದ್ದರೆ ಹಕ್ಕಿ ಯಾಕೆ ಬೇಕಿತ್ತು?

ಇನ್ನೊಂದು ಮಾತನ್ನು ನಿಧಾನವಾಗಿ ಓದಿ. 'ಉಸಿರು ಕಟ್ಟಿದಂತಾದರೆ ಹೊರಗೆ ಓಡುತ್ತೇನೆ' ಎಂದು ಬಹಳ ಜನ ಬರೆಯುತ್ತಾರೆ. ಆಮ್ಲಜನಕ ಕಡಿಮೆ ಆದಾಗ ಉಸಿರು ಕಟ್ಟಿದಂತೆ ಅನಿಸಲೇಬೇಕು ಎಂದೇನಿಲ್ಲ. ಆ ಸಂಕಟ ಮುಖ್ಯವಾಗಿ ಹುಟ್ಟುವುದು ಮೈಯೊಳಗೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ. ಸುತ್ತ ಬರೀ ನೈಟ್ರೋಜನ್ ತುಂಬಿದ್ದರೆ ಉಸಿರು ಸರಾಗವಾಗಿಯೇ ಆಡುತ್ತದೆ, ಒಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇರುತ್ತದೆ. ಏನೂ ತೊಂದರೆ ಅನಿಸುವ ಮುಂಚೆಯೇ ಮನುಷ್ಯ ಕುಸಿಯುತ್ತಾನೆ. ಬಿದ್ದವನನ್ನು ಎತ್ತಲು ಹಿಂದೆಯೇ ಓಡಿದ ಗೆಳೆಯನೂ ಅಲ್ಲೇ ಬೀಳುತ್ತಾನೆ. ಇಂಥ ಕಡೆ ಒಬ್ಬರ ಬದಲು ಇಬ್ಬರು ಮೂವರು ಸಾಯುವುದು ಹೀಗೆ.

ಅಲ್ಲಿ ಆಮ್ಲಜನಕ ಎಲ್ಲಿಗೆ ಹೋಯಿತು? ಚಿನ್ನ ಇರುವ ಬೆಣಚುಕಲ್ಲಿನಲ್ಲಿ ಪೈರೈಟ್ ಇರುವುದು ಮಾಮೂಲು. ಕಬ್ಬಿಣ ಮತ್ತು ಗಂಧಕ ಸೇರಿದ ಈ ಖನಿಜ ತೇವ ಇದ್ದ ಕಡೆ ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಆಸರೆಗೆ ನಿಲ್ಲಿಸಿದ ಹಳೇ ಮರ ಕೊಳೆಯುತ್ತಾ ಅದನ್ನೇ ಮಾಡುತ್ತದೆ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಇದು ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ. ಹೊರಗೆ ಗಾಳಿಯ ಒತ್ತಡ ಕಡಿಮೆಯಾದ ದಿನ, ಅಂದರೆ ಮಳೆ ಮೋಡ ಕವಿದಾಗ, ಒಳಗಿನ ಕೆಟ್ಟ ಗಾಳಿ ಸುರಂಗದ ಬಾಯಿಯ ಕಡೆಗೆ ಹರಿದು ಬರುತ್ತದೆ. ನಿನ್ನೆ ಹೋಗಿ ಬಂದಿದ್ದೆ ಎನ್ನುವುದು ಇವತ್ತಿಗೆ ಸಾಕ್ಷಿಯಲ್ಲ.

ಗ್ಯಾಸ್ ಮೀಟರ್ ಇದ್ದರೆ? ದೀಪಕ್ಕಿಂತ ಸಾವಿರ ಪಾಲು ಮೇಲು. ಆದರೆ ಸಾಮಾನ್ಯವಾಗಿ ಸಿಗುವ ನಾಲ್ಕು ಅನಿಲದ ಮೀಟರು ಕಾರ್ಬನ್ ಡೈಆಕ್ಸೈಡ್ ಅಳೆಯುವುದಿಲ್ಲ. ಅದು ಚಾವಣಿಯನ್ನೂ ಹಿಡಿದು ನಿಲ್ಲಿಸುವುದಿಲ್ಲ. ಒಳಗಿನ ನೆಲ ಎಂದು ನೀವು ನಂಬಿದ್ದು ಆಳದ ಬಾವಿಯ ಮೇಲೆ ಹಾಸಿದ ಹಳೇ ಹಲಗೆ ಇರಬಹುದು, ಮೇಲೆ ಮಣ್ಣು ಕೂತು ಗೊತ್ತೇ ಆಗುವುದಿಲ್ಲ. ಕಣಕಾಲು ಮುಳುಗುವಷ್ಟು ಎಂದು ಕಾಣುವ ನೀರು ತುಂಬಿದ ಶಾಫ್ಟ್, ಅಂದರೆ ನೆಟ್ಟಗೆ ಆಳಕ್ಕಿಳಿಯುವ ಗಣಿ ಬಾವಿ ಇರಬಹುದು. ಬಿಟ್ಟುಹೋದ ಡೈನಮೈಟ್ ಕಡ್ಡಿಯ ಮೇಲೆ ಬೆವರಿದಂತೆ ಹನಿ ಕಂಡರೆ ಅದು ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕ, ಮುಟ್ಟಲೇಬಾರದು. ಇವುಗಳ ಬಗ್ಗೆ ಯಾರೂ ವಾದ ಮಾಡುವುದಿಲ್ಲ, ಆದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಅಷ್ಟು ಕಷ್ಟಪಟ್ಟು ಒಳಗೆ ಹೋದರೆ ಚಿನ್ನ ಸಿಗುತ್ತದಾ? ಗಣಿಯ ಅದಿರಿನಲ್ಲಿ ಚಿನ್ನ ಟನ್ ಕಲ್ಲಿಗೆ ಕೆಲವೇ ಗ್ರಾಂ ಇರುವುದು ಸಾಮಾನ್ಯ, ಅದೂ ಬಹುಪಾಲು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ. ಅದಕ್ಕೇ ಕಲ್ಲನ್ನು ಪುಡಿ ಮಾಡುವ ಗಿರಣಿ, ಚಿನ್ನ ಬೇರ್ಪಡಿಸಲು ಪಾದರಸ, ಸಯನೈಡ್ ಬೇಕಾಯಿತು. ಟಾರ್ಚ್ ಬೆಳಕಿಗೆ ಗೋಡೆಯಲ್ಲಿ ಮಿನುಗುವುದು ಸಾಮಾನ್ಯವಾಗಿ ಪೈರೈಟೇ.

ಹವ್ಯಾಸಿಗೆ ಸಿಗುವ ಚಿನ್ನ ಹೊರಗಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1869ರಲ್ಲಿ ಸಿಕ್ಕ 'ವೆಲ್ಕಮ್ ಸ್ಟ್ರೇಂಜರ್' ಗಟ್ಟಿಯಲ್ಲಿ 70 ಕಿಲೋಗೂ ಜಾಸ್ತಿ ಚಿನ್ನವಿತ್ತು. ಅದು ಇದ್ದದ್ದು ಒಂದು ಮರದ ಬುಡದ ಹತ್ತಿರ, ಮಣ್ಣಿನಿಂದ ಬರೀ 3 ಸೆಂಟಿಮೀಟರ್ ಕೆಳಗೆ. ಅದೇ ವಿಕ್ಟೋರಿಯಾದಲ್ಲಿ 1980ರಲ್ಲಿ 27 ಕಿಲೋದ 'ಹ್ಯಾಂಡ್ ಆಫ್ ಫೇತ್' ಒಬ್ಬ ಹವ್ಯಾಸಿಯ ಮೆಟಲ್ ಡಿಟೆಕ್ಟರಿಗೆ ಸಿಕ್ಕಿತು.

ಹೊಳೆಯಲ್ಲೂ ಜಾಗ ಗೊತ್ತಿರಬೇಕು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಚಿಲ್ಲರೆ. ನೀರಿನ ರಭಸ ಎಲ್ಲಿ ತಗ್ಗುತ್ತದೋ ಅಲ್ಲಿ ಚಿನ್ನ ಕೆಳಗೆ ಕೂರುತ್ತದೆ: ತಿರುವಿನ ಒಳಬದಿ, ದೊಡ್ಡ ಬಂಡೆಯ ಹಿಂದೆ, ಹಾಸುಬಂಡೆಯ ಬಿರುಕಿನಲ್ಲಿ. ಬಿರುಕಿನ ತಳದ ಕೆಸರನ್ನು ಪೂರ್ತಿ ಕೆರೆದು ತಟ್ಟೆಗೆ ಹಾಕಿ. ನೀರಿನೊಳಗೇ ಚೆನ್ನಾಗಿ ಅಲ್ಲಾಡಿಸಿ, ತಟ್ಟೆ ಓರೆ ಮಾಡಿ ಮೇಲಿನದನ್ನು ಹೋಗಲು ಬಿಡಿ. ಕೊನೆಗೆ ಕಪ್ಪು ಮರಳು ಉಳಿಯುತ್ತದೆ. ಅಲ್ಲಿ ಅವಸರ ಬೇಡ, ಚಿನ್ನ ಇದ್ದರೆ ಅದರ ಹಿಂದೆಯೇ ಇರುತ್ತದೆ. ಹಳದಿ ಚೂರು ಸಿಕ್ಕರೆ ಸೂಜಿಯಿಂದ ಒತ್ತಿ: ಚಿನ್ನದಲ್ಲಿ ತಗ್ಗು ಬೀಳುತ್ತದೆ, ಪೈರೈಟ್ ಪುಡಿಯಾಗುತ್ತದೆ. ಹೊಳೆಗೆ ಇಳಿಯುವ ಮುಂಚೆ ಆ ಜಾಗ ಯಾರದ್ದು, ಅಲ್ಲಿ ಹುಡುಕಲು ಅನುಮತಿ ಬೇಕಾ ಎಂದು ವಿಚಾರಿಸಿಕೊಳ್ಳಿ.